ಸೋತದ್ದು ದಾಳವೋ, ಕಾರ್ಡೋ, ಆಟಗಾರನೋ?
ಸಿಮ್ಯುಲೇಷನ್ ಬೇಸ್‌ಬಾಲ್ ಲೀಗುಗಳ ಮ್ಯಾನೇಜರುಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಮ್ಯಾನೇಜರುಗಳೇ,

2012ರ ಬೇಸಿಗೆಯಲ್ಲಿ ಆ್ಯಡಮ್ ಡನ್ ಎರಡು ಕಡೆ ಆಡುತ್ತಿದ್ದರು. ಒಂದು, ಷಿಕಾಗೊದ ಮೈದಾನದಲ್ಲಿ. ವೈಟ್ ಸಾಕ್ಸ್ ತಂಡದ ಈ ಆರೂವರೆ ಅಡಿ ಎತ್ತರದ ಬ್ಯಾಟರ್ ಆ ವರ್ಷ 41 ಹೋಂ ರನ್ ಬಾರಿಸಿ ಆಲ್‌ಸ್ಟಾರ್ ತಂಡಕ್ಕೂ ಆಯ್ಕೆಯಾದರು. ಇನ್ನೊಂದು, ನಿಮ್ಮಂಥವರ ಮನೆಯ ಊಟದ ಮೇಜಿನ ಮೇಲೆ, ಸ್ಟ್ರಾಟ್-ಓ-ಮ್ಯಾಟಿಕ್ ಆಟದ ಒಂದು ಕಾರ್ಡಾಗಿ. ಆ ಕಾರ್ಡು ತಯಾರಾದದ್ದು ಹಿಂದಿನ ವರ್ಷದ ಅಂಕಿಗಳಿಂದ. 2011ರಲ್ಲಿ ಡನ್ 415 ಸರದಿಗಳಲ್ಲಿ ಪಡೆದದ್ದು ಬರೀ 66 ಹಿಟ್, ಸರಾಸರಿ 0.159. ಹೋಂ ರನ್ 11, ಸ್ಟ್ರೈಕ್‌ಔಟ್ 177. ಎಡಗೈ ಪಿಚರ್‌ಗಳ ಎದುರಂತೂ 94 ಸರದಿಗಳಲ್ಲಿ 6 ಹಿಟ್. ಅದಕ್ಕೂ ಹಿಂದಿನ ಏಳು ವರ್ಷ ಒಂದು ಸಲವೂ 38 ಹೋಂ ರನ್‌ಗಿಂತ ಕೆಳಗಿಳಿಯದ, ನಾಲ್ಕು ವರ್ಷಕ್ಕೆ 5.6 ಕೋಟಿ ಡಾಲರ್ ಒಪ್ಪಂದ ಪಡೆದ ಆಟಗಾರನ ಪಾಡು ಇದು.

ಹಾಗಾಗಿ 2011ರ ಕಾರ್ಡುಗಳಿಂದ ಆಡುತ್ತಿದ್ದ ಲೀಗುಗಳಲ್ಲಿ ಡನ್ ಇಡೀ ಸೀಸನ್ ಔಟಾಗುತ್ತಲೇ ಇರಬೇಕಿತ್ತು. ಅದೇ ಹೊತ್ತಿಗೆ ಟಿ.ವಿ. ಹಾಕಿದರೆ ಅದೇ ಡನ್ ಚೆಂಡನ್ನು ಗ್ಯಾಲರಿಗೆ ಅಟ್ಟುತ್ತಿದ್ದರು. ಆಟಗಾರರನ್ನು ವರ್ಷದಿಂದ ವರ್ಷಕ್ಕೆ ಉಳಿಸಿಕೊಳ್ಳಲು ಬಿಡುವ ಲೀಗಿನಲ್ಲಿ, ಕಾರ್ಡಿನ ಮೇಲಿನ ಸಿಟ್ಟಿಗೆ ಡನ್‌ರನ್ನು ಕೈಬಿಟ್ಟ ಮ್ಯಾನೇಜರ್ ಮುಂದಿನ ವರ್ಷ ಬರಲಿದ್ದ 41 ಹೋಂ ರನ್‌ಗಳ ಕಾರ್ಡನ್ನೂ ಜೊತೆಗೇ ಬಿಟ್ಟುಕೊಟ್ಟಂತಾಯಿತು.

ಈ ಪತ್ರ ಅಂಥ ನಿರ್ಧಾರಗಳ ಬಗ್ಗೆ. ದುಡ್ಡು ಸುರಿದು ಕೊಂಡ ತಾರೆ ಆಡುತ್ತಿಲ್ಲ, ಪಟ್ಟಿಯಲ್ಲಿ ತಂಡ ಕೆಳಗೆ ಜಾರುತ್ತಿದೆ, ‘ಡ್ರಾಪ್’ ಗುಂಡಿಯ ಮೇಲೆ ಬೆರಳು ತುರಿಸುತ್ತಿದೆ. ಆಗ ಏನು ನೋಡಬೇಕು? ನಿಮ್ಮಲ್ಲಿ ಅಮೆರಿಕಕ್ಕೆ ಹೋಗಿ ನೆಲೆಸಿ, ಕಚೇರಿಯ ಗೆಳೆಯರ ಲೀಗಿಗೆ ಸೇರಿಕೊಂಡ ಕನ್ನಡಿಗರೂ ಇದ್ದೀರಿ. ಕ್ರಿಕೆಟ್ ನೋಡಿ ಬೆಳೆದವರಿಗೆ ಫಾರ್ಮ್ ಕಳೆದುಕೊಂಡ ದೊಡ್ಡ ಹೆಸರನ್ನು ಏನು ಮಾಡಬೇಕೆಂಬ ವಾದ ಹೊಸದಲ್ಲ. ಆದರೆ ಅಣಕು ಬೇಸ್‌ಬಾಲಿನಲ್ಲಿ ಆ ವಾದಕ್ಕೆ ಇನ್ನೊಂದು ಸುತ್ತು ಸೇರುತ್ತದೆ. ಇಲ್ಲಿ ‘ಆಡುತ್ತಿಲ್ಲ’ ಎಂಬುದಕ್ಕೆ ಆಟದ ಬಗೆಗೆ ತಕ್ಕಂತೆ ಮೂರು ಬೇರೆ ಬೇರೆ ಕಾರಣಗಳಿರಬಹುದು, ಮೂರಕ್ಕೂ ಮದ್ದು ಒಂದೇ ಅಲ್ಲ.

ಪಕ್ಕದಲ್ಲಿ ನಿಂತು ಈ ಪತ್ರ ಓದುತ್ತಿರುವವರಿಗೆ ಒಂದೆರಡು ಮಾತು. ಬೇಸ್‌ಬಾಲ್ ಸರಾಸರಿಗೂ ಕ್ರಿಕೆಟ್ ಸರಾಸರಿಗೂ ನಂಟಿಲ್ಲ. ಹತ್ತು ಸರದಿಯಲ್ಲಿ ಮೂರು ಹಿಟ್ ಬಂದರೆ 0.300, ಅದು ದೊಡ್ಡ ಆಟಗಾರನ ಗುರುತು. ಎರಡೇ ಬಂದರೆ ಕೆಲಸ ಉಳಿಯುವುದೇ ಅನುಮಾನ. ಇನ್ನು ಆಟವನ್ನು ಮನೆಯೊಳಗೆ ತಂದವರ ಸಾಲು ಉದ್ದವಿದೆ. 1941ರಲ್ಲಿ ಮಾಜಿ ಆಟಗಾರ ಈಥನ್ ಆ್ಯಲನ್ ತಿರುಗುವ ಮುಳ್ಳಿನ ‘ಆಲ್-ಸ್ಟಾರ್ ಬೇಸ್‌ಬಾಲ್’ ತಂದರು. 1951ರಲ್ಲಿ ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್‌ನ ರಿಚರ್ಡ್ ಸೈಟ್ಸ್ ‘ಎಪಿಬಿಎ’ ಮಾರತೊಡಗಿದರು. ಬಾಲ್ಯದಿಂದಲೇ ದಾಳ ಉರುಳಿಸುತ್ತ ಲೆಕ್ಕ ಬರೆದಿಡುತ್ತಿದ್ದ ನ್ಯೂಯಾರ್ಕ್‌ನ ಹಾಲ್ ರಿಚ್‌ಮನ್ 1961ರಲ್ಲಿ ಸ್ಟ್ರಾಟ್-ಓ-ಮ್ಯಾಟಿಕ್ ಅನ್ನು ಮಾರುಕಟ್ಟೆಗೆ ಬಿಟ್ಟರು. 1980ರಲ್ಲಿ ಡ್ಯಾನಿಯಲ್ ಓಕ್ರೆಂಟ್ ಮತ್ತು ಗೆಳೆಯರು ಹುಟ್ಟುಹಾಕಿದ ರೋಟಿಸರಿ ಲೀಗು ಇಂದಿನ ಫ್ಯಾಂಟಸಿ ಆಟಗಳ ತಾಯಿಬೇರು. ಜರ್ಮನಿಯ ಮಾರ್ಕುಸ್ ಹೈನ್ಸೆನ್ 1990ರ ದಶಕದ ಕೊನೆಯಲ್ಲಿ ಕಂಪ್ಯೂಟರಿಗೆ ‘ಔಟ್ ಆಫ್ ದ ಪಾರ್ಕ್’ ರೂಪಿಸಿದರು. 2020ರಲ್ಲಿ ಕೋವಿಡ್‌ನಿಂದ ನಿಜವಾದ ಸೀಸನ್ ನಿಂತಾಗ ಬೇಸ್‌ಬಾಲ್-ರೆಫರೆನ್ಸ್ ತಾಣ ಇದೇ ಆಟದಲ್ಲಿ ದಿನದಿನದ ಪಂದ್ಯಗಳನ್ನು ಆಡಿಸಿ ಫಲಿತಾಂಶ ಪ್ರಕಟಿಸಿತು.

ಮೊದಲು ದಾಳದ ಆಟ. ಸ್ಟ್ರಾಟ್-ಓ-ಮ್ಯಾಟಿಕ್‌ನಲ್ಲಿ ಮೂರು ದಾಳಗಳಿವೆ. ಒಂದು ದಾಳ ಯಾರ ಕಾರ್ಡು ನೋಡಬೇಕೆಂದು ಹೇಳುತ್ತದೆ. 1, 2, 3 ಬಿದ್ದರೆ ಬ್ಯಾಟರ್ ಕಾರ್ಡು. 4, 5, 6 ಬಿದ್ದರೆ ಪಿಚರ್ ಕಾರ್ಡು. ಉಳಿದೆರಡರ ಮೊತ್ತ ಫಲಿತಾಂಶದ ಸಾಲನ್ನು ತೋರಿಸುತ್ತದೆ. ಅಂದರೆ ನಿಮ್ಮ ತಾರೆ ನೂರು ಸಲ ಆಡಲು ನಿಂತರೆ ಸುಮಾರು ಐವತ್ತು ಸಲ ಅವನ ಕಾರ್ಡಿನತ್ತ ಯಾರೂ ಕಣ್ಣುಹಾಯಿಸಿಯೇ ಇರುವುದಿಲ್ಲ. ಎದುರಾಳಿ ಪಿಚರ್‌ನ ಕಾರ್ಡು ಅವನನ್ನು ಔಟ್ ಮಾಡಿದೆ, ಬೈಗುಳ ಮಾತ್ರ ಇವನಿಗೆ.

ಕಾರ್ಡಿಗೆ ಮೊಣಕಾಲು ನೋವಿಲ್ಲ, ಮನೆಯ ಚಿಂತೆಯಿಲ್ಲ, ವಯಸ್ಸಾಗುವುದಿಲ್ಲ. ಏಪ್ರಿಲ್‌ನಲ್ಲಿ ಅದರ ಮೇಲೆ ಅಚ್ಚಾಗಿದ್ದೇ ಸೆಪ್ಟೆಂಬರ್‌ನಲ್ಲೂ ಇರುತ್ತದೆ. ಆದ್ದರಿಂದ ಕಾರ್ಡು ಚೆನ್ನಾಗಿದ್ದೂ ರನ್ ಬರುತ್ತಿಲ್ಲವೆಂದರೆ ಮೊದಲು ಗಣಿತ ನೋಡಬೇಕು. 0.280 ಸರಾಸರಿಗೆ ತಕ್ಕ ಕಾರ್ಡೊಂದು ನೂರು ಸರದಿಗಳಲ್ಲಿ 20 ಹಿಟ್ ಅಥವಾ ಅದಕ್ಕಿಂತ ಕಡಿಮೆಗೆ ನಿಲ್ಲುವ ಸಾಧ್ಯತೆ ಹೆಚ್ಚುಕಡಿಮೆ ಇಪ್ಪತ್ತರಲ್ಲಿ ಒಂದು. ಕೇಳಲು ಅಪರೂಪವೆನಿಸುತ್ತದೆ. ಆದರೆ 12 ತಂಡಗಳ ಲೀಗಿನಲ್ಲಿ ತಂಡಕ್ಕೆ ಒಂಬತ್ತು ಬ್ಯಾಟರ್‌ಗಳಂತೆ 108 ಜನರಿರುತ್ತಾರೆ. ಅವರೆಲ್ಲ ಅದೇ ದರ್ಜೆಯವರೆಂದುಕೊಂಡರೂ ಯಾವ ತಪ್ಪೂ ಇಲ್ಲದೆ ನಾಲ್ಕೈದು ಮಂದಿ ಈ ಗುಂಡಿಗೆ ಬೀಳಲೇಬೇಕು. ಅವರಲ್ಲೊಬ್ಬ ನಿಮ್ಮ ತಂಡದಲ್ಲಿದ್ದರೆ ಅದು ಶಕುನವೂ ಅಲ್ಲ, ಶಾಪವೂ ಅಲ್ಲ. 600 ಸರದಿಗಳ ಇಡೀ ಸೀಸನ್ ಮುಗಿದ ಮೇಲೂ ಅದೇ ಕಾರ್ಡು ಬರೀ ಅದೃಷ್ಟದಿಂದ 0.262ಕ್ಕೆ ಇಳಿಯುವುದು, 0.298ಕ್ಕೆ ಏರುವುದು ತೀರಾ ಸಾಮಾನ್ಯ.

ಹಾಗೆಂದು ಕಾರ್ಡಿನ ಆಟದಲ್ಲಿ ಕಣ್ಣುಮುಚ್ಚಿ ಕೂರಬೇಕೆಂದಲ್ಲ. ನೋಡಬೇಕಾದ್ದು ಬೇರೆ ಇದೆ. ಮುಂದುವರಿದ ನಿಯಮಗಳಲ್ಲಿ ಬ್ಯಾಟರ್ ಕಾರ್ಡಿಗೆ ಎಡಗೈ ಪಿಚರ್‌ಗೊಂದು, ಬಲಗೈ ಪಿಚರ್‌ಗೊಂದು ಬೇರೆ ಬೇರೆ ಕಾಲಮ್ಮುಗಳಿವೆ. ನಿಮ್ಮ ವಿಭಾಗದ ಎದುರಾಳಿಗಳು ಎಡಗೈಯವರನ್ನೇ ಕೂಡಿಹಾಕಿದ್ದರೆ ತಾರೆಯ ಒಳ್ಳೆಯ ಕಾಲಮ್ಮು ತೆರೆಯುವುದೇ ಇಲ್ಲ. ಮೈದಾನವೂ ಲೆಕ್ಕಕ್ಕೆ ಬರುತ್ತದೆ. ಸಮುದ್ರಮಟ್ಟದಿಂದ ಸುಮಾರು ಒಂದು ಮೈಲಿ ಎತ್ತರದ ಡೆನ್ವರ್‌ನ ಕೂರ್ಸ್ ಫೀಲ್ಡ್‌ನಲ್ಲಿ ತೆಳುಗಾಳಿಗೆ ಚೆಂಡು ತೇಲಿಹೋಗುತ್ತದೆ. ಪಿಚರ್‌ಗಳಿಗೆ ಒಲಿದ ಮೈದಾನವನ್ನು ತವರಾಗಿ ಆರಿಸಿಕೊಂಡಿದ್ದರೆ ಕಾರ್ಡಿನಲ್ಲಿ ಬರೆದ ಹೋಂ ರನ್ ಕೂಡ ಇಪ್ಪತ್ತು ಮುಖದ ದಾಳದಲ್ಲಿ ಕ್ಯಾಚ್ ಆಗಿಬಿಡಬಹುದು. ಇಲ್ಲಿ ತಪ್ಪಿರುವುದು ಜೋಡಣೆ. ಅದಕ್ಕೆ ಬ್ಯಾಟಿಂಗ್ ಕ್ರಮ ಬದಲಿಸಬಹುದು, ಎಡಗೈ ಪಿಚರ್ ಬಂದ ದಿನ ಬೆಂಚಿಗೆ ಕೂರಿಸಬಹುದು, ಬೇರೆ ಮೈದಾನದ ತಂಡಕ್ಕೆ ಒಳ್ಳೆಯ ಬೆಲೆಗೆ ಮಾರಲೂಬಹುದು. ಸುಮ್ಮನೆ ಬಿಟ್ಟುಬಿಡುವುದು ಕೊನೆಯ ದಾರಿ.

ಕಂಪ್ಯೂಟರ್ ಆಟದ ಕತೆ ಇನ್ನೊಂದು ಬಗೆಯದು. ಔಟ್ ಆಫ್ ದ ಪಾರ್ಕ್‌ನಲ್ಲಿ ಆಟಗಾರ ಬೆಳೆಯುತ್ತಾನೆ, ಮಾಗುತ್ತಾನೆ, ಮುದುಕನಾಗುತ್ತಾನೆ, ಗಾಯಗೊಳ್ಳುತ್ತಾನೆ. ಚೆಂಡು ತಾಗಿಸುವ ಶಕ್ತಿ, ಹೋಂ ರನ್ ಬಲ, ಚೆಂಡು ಆರಿಸುವ ಕಣ್ಣು, ಹೀಗೆ ಪ್ರತಿಯೊಂದಕ್ಕೂ ರೇಟಿಂಗ್ ಇದೆ. ಆದರೆ ನಿಮ್ಮ ಪರದೆಯ ಮೇಲೆ ಕಾಣುವ ರೇಟಿಂಗ್ ನಿಮ್ಮ ಸ್ಕೌಟ್ ಕೊಟ್ಟ ಅಂದಾಜು. ನಿಜವಾದ ಅಂಕಿ ಆಟದ ಹೊಟ್ಟೆಯೊಳಗಿರುತ್ತದೆ. ಇಲ್ಲಿ ಆಟ ಕುಸಿದದ್ದು ಕಂಡಾಗ ಎರಡು ಪಟ್ಟಿಗಳನ್ನು ಅಕ್ಕಪಕ್ಕ ಇಡಬೇಕು. ಫಲಿತಾಂಶ ಬಿದ್ದಿದೆ, ರೇಟಿಂಗ್ ಇದ್ದಲ್ಲೇ ಇದೆ ಎಂದಾದರೆ ಬಹುಪಾಲು ಅದೃಷ್ಟದ ಆಟ, ತಾಳಬಹುದು. ಫಲಿತಾಂಶದ ಜೊತೆ ರೇಟಿಂಗೂ ಸ್ಕೌಟಿನ ಒಂದಾದ ಮೇಲೊಂದು ವರದಿಯಲ್ಲಿ ಇಳಿಯುತ್ತಿದ್ದರೆ, ಅದರಲ್ಲೂ ಆಟಗಾರನಿಗೆ ಮೂವತ್ತೈದು ದಾಟಿದ್ದರೆ ಅಥವಾ ದೊಡ್ಡ ಗಾಯದಿಂದ ಎದ್ದುಬಂದಿದ್ದರೆ, ಹಳೆಯ ಪ್ರಶಸ್ತಿಗಳ ಪುಟ ತೆರೆದು ಕೂರುವುದರಲ್ಲಿ ಅರ್ಥವಿಲ್ಲ. ಒಂದೇ ವರದಿ ನೋಡಿ ಕೈಬಿಡುವುದು ಮಾತ್ರ ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟಿದ ಹಾಗೆ.

ಮೂರನೆಯದು ಎಲ್ಲಕ್ಕಿಂತ ತೊಡಕಿನದು: ನಿಜವಾದ ಆಟಗಾರನ ಇಂದಿನ ಆಟದ ಮೇಲೆ ನಿಂತ ಫ್ಯಾಂಟಸಿ ಲೀಗು. ಇಲ್ಲಿ ಅದೃಷ್ಟವೂ ಉಂಟು, ದೇಹವೂ ಉಂಟು, ಮನಸ್ಸೂ ಉಂಟು. ಇವುಗಳಲ್ಲಿ ಯಾವುದು ಕೈಕೊಟ್ಟಿದೆ ಎಂದು ಹೊರಗಿನಿಂದ ಹೇಳುವುದು ಹೇಗೆ?

ಬಾಸ್ಟನ್ ರೆಡ್ ಸಾಕ್ಸ್‌ನ ಡೇವಿಡ್ ಓರ್ಟಿಸ್ ಅವರನ್ನು ನೋಡಿ. 2009ರಲ್ಲಿ ಅವರ ಮೊದಲ ಹೋಂ ರನ್ ಬಂದದ್ದೇ ಮೇ 20ರಂದು. ಎರಡನೆಯದಕ್ಕೆ ಜೂನ್ ಬರಬೇಕಾಯಿತು. ವಯಸ್ಸು 33, ಬ್ಯಾಟು ನಿಧಾನವಾಗಿದೆ, ಕತೆ ಮುಗಿಯಿತು ಎಂದರು ಬಾಸ್ಟನ್ ಜನ. ಸೀಸನ್ ಮುಗಿದಾಗ ಅವರ ಲೆಕ್ಕದಲ್ಲಿ 28 ಹೋಂ ರನ್, 99 ಆರ್‌ಬಿಐ (ತಮ್ಮ ಬ್ಯಾಟಿನಿಂದ ತಂಡಕ್ಕೆ ತಂದ ರನ್) ಇದ್ದವು. ಮರುವರ್ಷದ ಏಪ್ರಿಲ್‌ನಲ್ಲಿ ಮತ್ತೆ ಅದೇ ಬರ: ಸರಾಸರಿ 0.143, ಒಂದೇ ಹೋಂ ರನ್. ಕೊನೆಗೆ 32 ಹೋಂ ರನ್, 102 ಆರ್‌ಬಿಐ. ಎರಡು ವರ್ಷ ಸಾಲಾಗಿ ಮೇ ತಿಂಗಳೊಳಗೆ ಅವರನ್ನು ಬಿಟ್ಟವರು ಎರಡು ಸಲ ಕೈಸುಟ್ಟುಕೊಂಡರು. 2016ರಲ್ಲಿ ನಿವೃತ್ತಿಯ ವರ್ಷವೂ 38 ಹೋಂ ರನ್ ಬಾರಿಸಿಯೇ ಓರ್ಟಿಸ್ ಹೊರಟದ್ದು. ಆಲ್ಬರ್ಟ್ ಪುಹೋಲ್ಸ್ 2012ರಲ್ಲಿ ಹತ್ತು ವರ್ಷಕ್ಕೆ 24 ಕೋಟಿ ಡಾಲರ್ ಒಪ್ಪಂದದ ಮೇಲೆ ಏಂಜೆಲ್ಸ್ ತಂಡಕ್ಕೆ ಬಂದು ಮೊದಲ 27 ಪಂದ್ಯಗಳಲ್ಲಿ ಒಂದೂ ಹೋಂ ರನ್ ಹೊಡೆಯಲಿಲ್ಲ. ವರ್ಷದ ಕೊನೆಗೆ 30 ಹೊಡೆದಿದ್ದರು. 2004ರ ಏಪ್ರಿಲ್‌ನಲ್ಲಿ ಯಾಂಕೀಸ್‌ನ ಡೆರಿಕ್ ಜೀಟರ್ ಸತತ 32 ಸರದಿ ಬರಿಗೈ. ಮುಗಿಸಿದ್ದು 0.292ಕ್ಕೆ.

ಈಗ ಇನ್ನೊಂದು ಮಗ್ಗುಲು. ಬಾಲ್ಟಿಮೋರ್ ಓರಿಯೋಲ್ಸ್‌ನ ಕ್ರಿಸ್ ಡೇವಿಸ್ 2018ರ ಸೆಪ್ಟೆಂಬರ್‌ನಿಂದ 2019ರ ಏಪ್ರಿಲ್ 13ರವರೆಗೆ ಸತತ 54 ಸರದಿ ಹಿಟ್ ಇಲ್ಲದೆ ಕಳೆದರು, ಪಿಚರ್ ಅಲ್ಲದ ಆಟಗಾರನೊಬ್ಬನ ಅತಿ ದೀರ್ಘ ಬರವಿದು. ಪತ್ರಿಕೆಗಳು ಆ 54ನ್ನು ದಿನವೂ ಎಣಿಸಿದವು. ಆದರೆ ಮ್ಯಾನೇಜರಿಗೆ ಬೇಕಾದ ಸುಳಿವು ಅದಕ್ಕೂ ಮೊದಲೇ ಸಿಕ್ಕಿತ್ತು. 2015ರಲ್ಲಿ 47 ಹೋಂ ರನ್, 2016ರಲ್ಲಿ 38, 2017ರಲ್ಲಿ 26, 2018ರಲ್ಲಿ 16. ಸರಾಸರಿ 0.262ರಿಂದ 0.221, ಅಲ್ಲಿಂದ 0.215, ಕೊನೆಗೆ 0.168. ನಾಲ್ಕು ವರ್ಷ, ಒಂದೇ ದಿಕ್ಕು. ಏಳು ವರ್ಷ ಸಮತಟ್ಟಾಗಿ ನಡೆದು ಒಮ್ಮೆಲೇ ಹಳ್ಳಕ್ಕೆ ಬಿದ್ದ ಡನ್‌ಗೂ ವರ್ಷವರ್ಷ ಇಳಿದ ಡೇವಿಸ್‌ಗೂ ಇರುವ ಅಂತರವೇ ಇದು. ಇದು ಕಟ್ಟುನಿಟ್ಟಿನ ಸೂತ್ರವಲ್ಲ. ಡನ್ ಕೂಡ 2012ರಲ್ಲಿ ಹೋಂ ರನ್ ಮರಳಿ ಪಡೆದರೇ ಹೊರತು ಸರಾಸರಿಯನ್ನಲ್ಲ, ಅದು 0.204ಕ್ಕೇ ನಿಂತಿತು. ಆದರೂ ಒಂದು ತಿಂಗಳ ಬರಕ್ಕಿಂತ ಮೂರು ವರ್ಷದ ಇಳಿಜಾರು ಹೆಚ್ಚು ನಂಬಿಕಸ್ಥ ಸಾಕ್ಷಿ.

ಸೀಸನ್ನಿನ ನಡುವೆ ಯಾವ ಅಂಕಿಯನ್ನು ಎಷ್ಟು ಬೇಗ ನಂಬಬಹುದು ಎಂಬುದಕ್ಕೂ ಲೆಕ್ಕವುಂಟು. ವಿಶ್ಲೇಷಕ ರಸೆಲ್ ಕಾರ್ಲ್‌ಟನ್ ಹಳೆಯ ಅಂಕಿಗಳನ್ನು ಜಾಲಾಡಿ ತೋರಿಸಿದಂತೆ, ಬ್ಯಾಟರ್‌ನ ಸ್ಟ್ರೈಕ್‌ಔಟ್ ಪ್ರಮಾಣ ಸುಮಾರು 60 ಸರದಿಗಳಿಗೇ ಅರ್ಥ ಕೊಡತೊಡಗುತ್ತದೆ. ವಾಕ್‌ಗೆ (ನಾಲ್ಕು ಕೆಟ್ಟ ಚೆಂಡುಗಳಿಗೆ ಸಿಗುವ ಬೇಸ್‌ಗೆ) 120 ಬೇಕು, ಹೋಂ ರನ್‌ಗೆ 170. ಬ್ಯಾಟಿಗೆ ತಾಗಿ ಮೈದಾನದೊಳಗೆ ಬಿದ್ದ ಚೆಂಡು ಹಿಟ್ ಆಗುವ ಪ್ರಮಾಣಕ್ಕಾದರೋ ಅಂಥ 820 ಚೆಂಡುಗಳು ಬೇಕು, ಅಂದರೆ ಒಂದು ಸೀಸನ್ನಿಗಿಂತ ಹೆಚ್ಚು. ಲೀಗ್ ಪುಟದಲ್ಲಿ ದಪ್ಪಕ್ಷರದಲ್ಲಿ ಕಾಣುವ ಸರಾಸರಿ ಅತಿ ನಿಧಾನವಾಗಿ ಸತ್ಯ ಹೇಳುವ ಅಂಕಿ ಎಂದಾಯಿತು. ಮೇ ಮಧ್ಯದಲ್ಲಿ ನಿಮ್ಮ ತಾರೆಯ ಸರಾಸರಿ 0.190 ಇದ್ದು, ಸ್ಟ್ರೈಕ್‌ಔಟ್ ಮತ್ತು ವಾಕ್ ಎಂದಿನಂತಿದ್ದರೆ ಕಾಯಲು ಕಾರಣವಿದೆ. ಸ್ಟ್ರೈಕ್‌ಔಟ್ ದಿಢೀರನೆ ಏರಿದ್ದರೆ ಎಚ್ಚರವಾಗಬೇಕು.

ಅಂಕಿಗಳು ಬಾಯಿಬಿಡುವ ಮೊದಲೇ ದೇಹ ಮಾತಾಡುವುದೂ ಉಂಟು. 1939ರಲ್ಲಿ ಯಾಂಕೀಸ್‌ನ ಲೂ ಗೆಹ್ರಿಗ್ ಎಂಟು ಪಂದ್ಯಗಳಲ್ಲಿ 28 ಸರದಿ ಆಡಿ 4 ಹಿಟ್ ಪಡೆದಿದ್ದರು. 28 ಸರದಿಗಳಿಂದ ಯಾವ ಲೆಕ್ಕಶಾಸ್ತ್ರಜ್ಞನೂ ಏನನ್ನೂ ಹೇಳಲಾರ. ಆದರೆ ಒಂದು ಸಾಮಾನ್ಯ ಚೆಂಡು ಹಿಡಿದದ್ದಕ್ಕೆ ಜೊತೆಯವರು ಬೆನ್ನು ತಟ್ಟಿದಾಗ ತನ್ನ ಆಟ ಎಲ್ಲಿಗೆ ಇಳಿದಿದೆ ಎಂದು ಗೆಹ್ರಿಗ್‌ಗೆ ಹೊಳೆಯಿತು. ಮೇ 2ರಂದು ಡೆಟ್ರಾಯಿಟ್‌ನಲ್ಲಿ ಮ್ಯಾನೇಜರ್ ಜೋ ಮೆಕಾರ್ಥಿ ಬಳಿ ಹೋಗಿ ತಾವೇ ಹೊರಗುಳಿಯುವುದಾಗಿ ಹೇಳಿದರು. ಸತತ 2,130 ಪಂದ್ಯಗಳನ್ನು ಆಡಿದ ಸರಪಳಿ ಅಲ್ಲಿಗೆ ನಿಂತಿತು. ಜೂನ್‌ನಲ್ಲಿ ಮೇಯೊ ಕ್ಲಿನಿಕ್ ವೈದ್ಯರು ನರಗಳ ಮಾರಕ ರೋಗವೆಂದು ಪತ್ತೆಹಚ್ಚಿದರು. ಗಾಯದ ಸುದ್ದಿ, ತರಬೇತುದಾರರ ಮಾತು, ಓಟದ ವೇಗ, ಚೆಂಡು ಬ್ಯಾಟಿನಿಂದ ಹೊರಡುವ ರಭಸ, ಇವನ್ನೆಲ್ಲ ಓದದೆ ಬರೀ ಸರಾಸರಿ ನೋಡಿ ತೀರ್ಪು ಕೊಡುವ ಮ್ಯಾನೇಜರುಗಳು ಈ ಪ್ರಕರಣವನ್ನು ನೆನಪಿಡಬೇಕು.

ಇನ್ನು ದುಡ್ಡಿನ ಮಾತು. ಹಳೆಯ ರೋಟಿಸರಿ ಪದ್ಧತಿಯಲ್ಲಿ ಆಟಗಾರರ ಹರಾಜಿಗೆ ತಂಡಕ್ಕೆ 260 ಡಾಲರ್, ಕೊಳ್ಳಬೇಕಾದವರು 23 ಮಂದಿ. ಅದರಲ್ಲಿ 45 ಡಾಲರ್ ಒಬ್ಬನಿಗೇ ಸುರಿದಿದ್ದರೆ ಅವನನ್ನು ಬಿಡಲು ಕೈ ಏಳುವುದಿಲ್ಲ. ಬ್ಯಾರಿ ಸ್ಟಾ ಮತ್ತು ಹಾ ಹೊವಾಂಗ್ ಎಂಬ ಸಂಶೋಧಕರು 1995ರಲ್ಲಿ ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ ಕುರಿತು ಇದನ್ನೇ ತೋರಿಸಿದ್ದರು. ಹೊಸ ಆಟಗಾರರನ್ನು ಆರಿಸುವ ಡ್ರಾಫ್ಟಿನಲ್ಲಿ ಮೊದಲು ಆಯ್ಕೆಯಾದವರಿಗೆ, ಆಟ ಅದೇ ಮಟ್ಟದ್ದಾಗಿದ್ದರೂ, ಹಿಂದೆ ಆಯ್ಕೆಯಾದವರಿಗಿಂತ ಹೆಚ್ಚು ನಿಮಿಷ ಆಡುವ ಅವಕಾಶ ಸಿಗುತ್ತಿತ್ತು, ವೃತ್ತಿಜೀವನವೂ ಹೆಚ್ಚು ಕಾಲ ಬಾಳುತ್ತಿತ್ತು. ವೃತ್ತಿಪರರೇ ಕೊಟ್ಟ ಬೆಲೆಯ ಮೋಹಕ್ಕೆ ಸಿಲುಕಿದ್ದರೆ ಶನಿವಾರ ಸಂಜೆಯ ಮ್ಯಾನೇಜರುಗಳ ಗತಿಯೇನು?

ಆದರೆ ಬೆಲೆಯನ್ನು ಪೂರ್ತಿ ಮರೆಯಿರಿ ಎಂಬ ಸಲಹೆಯೂ ಅರ್ಧ ಸರಿ. ಮಾರ್ಚ್‌ನಲ್ಲಿ ಹನ್ನೆರಡು ಜನ ಸೇರಿ ಹರಾಜಿನಲ್ಲಿ ನಿಗದಿ ಮಾಡಿದ 45 ಡಾಲರ್ ಎಂಬುದು ಆ ಆಟಗಾರನ ಹಿಂದಿನ ಮೂರು ನಾಲ್ಕು ವರ್ಷಗಳ ಸಾವಿರಾರು ಸರದಿಗಳ ಸಾರಾಂಶ. ಏಪ್ರಿಲ್‌ನ 80 ಸರದಿಗಳಿಗಿಂತ ಅದರಲ್ಲಿ ಹೆಚ್ಚು ಮಾಹಿತಿ ಇದೆ. ಮಾಹಿತಿಯಾಗಿ ಆ ಬೆಲೆಗೆ ಏಪ್ರಿಲ್‌ನಲ್ಲಿ ತೂಕವಿದೆ, ಜೂನ್‌ನಲ್ಲಿ ಕಡಿಮೆ, ಆಗಸ್ಟ್‌ನಲ್ಲಿ ಬಹಳ ಕಡಿಮೆ. ಕೊಟ್ಟ ದುಡ್ಡು ವಸೂಲಾಗಬೇಕೆಂಬ ಹಟಕ್ಕೆ ಮಾತ್ರ ಯಾವ ತಿಂಗಳಲ್ಲೂ ಬೆಲೆಯಿಲ್ಲ.

ತಾರೆಯ ಬಗ್ಗೆ ಇಷ್ಟೆಲ್ಲ ಯೋಚಿಸಿದ ಮೇಲೂ ಅರ್ಧ ಲೆಕ್ಕ ಉಳಿದಿರುತ್ತದೆ: ಅವನ ಜಾಗಕ್ಕೆ ಬರುವವನಾರು? 1925ರ ಜೂನ್ 2ರಂದು ಯಾಂಕೀಸ್ ಮ್ಯಾನೇಜರ್ ಮಿಲ್ಲರ್ ಹಗ್ಗಿನ್ಸ್ ಫಸ್ಟ್ ಬೇಸ್‌ನಿಂದ ವಾಲಿ ಪಿಪ್ ಅವರನ್ನು ಎತ್ತಿದರು. ಪಿಪ್ ಸಾಮಾನ್ಯರಲ್ಲ, ಎರಡು ಸಲ ಅಮೆರಿಕನ್ ಲೀಗಿನ ಹೋಂ ರನ್ ಪಟ್ಟಿಯ ಮೇಲಿದ್ದವರು. ಅವರಿಗೆ ಅಂದು ತಲೆನೋವಿತ್ತು ಎಂಬ ದಂತಕತೆ ಇಂದಿಗೂ ಓಡಾಡುತ್ತದೆ. ಆದರೆ ತಂಡವೂ ಪಿಪ್ ಕೂಡ ಆ ಹೊತ್ತಿಗೆ ಸೊರಗಿದ್ದರು, ಅದೇ ದಿನ ಬೇರೆ ಆಟಗಾರರೂ ಹೊರಗೆ ಕೂತರು. ಆ ತೀರ್ಮಾನ ಇತಿಹಾಸ ಸೇರಿದ್ದು ಬೆಂಚಿನಿಂದ ಎದ್ದುಬಂದದ್ದು ಗೆಹ್ರಿಗ್ ಆದ್ದರಿಂದ. ಪುಹೋಲ್ಸ್ ವಿಚಾರವೂ ಹಾಗೆಯೇ. ಏಂಜೆಲ್ಸ್ ಪರ ಮೊದಲ ಹೋಂ ರನ್ ಹೊಡೆದದ್ದು 2012ರ ಮೇ 6ರಂದು. ಸರಿಯಾಗಿ ಒಂಬತ್ತು ವರ್ಷಕ್ಕೆ, 2021ರ ಮೇ 6ರಂದು, ಸರಾಸರಿ 0.198 ಇದ್ದಾಗ ಅದೇ ತಂಡ ಅವರನ್ನು ಕೈಬಿಟ್ಟಿತು. 2022ರಲ್ಲಿ ಪುಹೋಲ್ಸ್ ಸೇಂಟ್ ಲೂಯಿಸ್‌ಗೆ ಮರಳಿ, 42ರ ವಯಸ್ಸಿನಲ್ಲಿ 24 ಹೋಂ ರನ್ ಬಾರಿಸಿ ಒಟ್ಟು 703ಕ್ಕೆ ಮುಗಿಸಿದರು. ಹಾಗಾದರೆ ಏಂಜೆಲ್ಸ್ ಎಡವಿತೇ? 2021ರಲ್ಲಿ ತಂಡದ ಫಸ್ಟ್ ಬೇಸ್‌ಗೆ 29 ಹೋಂ ರನ್ ಹೊಡೆದ ಜ್ಯಾರೆಡ್ ವಾಲ್ಶ್ ಇದ್ದರು, ಬರೀ ಬ್ಯಾಟ್ ಮಾಡುವ ಜಾಗಕ್ಕೆ ಶೋಹೇ ಒಹ್ತಾನಿ ಇದ್ದರು. ಬಿಟ್ಟ ಆಟಗಾರ ಮುಂದೆ ಬೇರೆಡೆ ಮಿಂಚಿದ ಎಂಬ ಒಂದೇ ಕಾರಣಕ್ಕೆ ಆ ದಿನದ ತೀರ್ಮಾನ ತಪ್ಪಾಗದು.

ಇದನ್ನು ನಿಮ್ಮ ಲೀಗಿಗೆ ಹೊಂದಿಸಿ ನೋಡಿ. ಎಂಟು ಹತ್ತು ತಂಡಗಳ ಲೀಗಿನಲ್ಲಿ ಯಾರ ಬಳಿಯೂ ಇಲ್ಲದ ಒಳ್ಳೆಯ ಆಟಗಾರರು ಇನ್ನೂ ಸಿಗುತ್ತಾರೆ, ಅಲ್ಲಿ ಬೇಗ ಬಿಡುವ ಧೈರ್ಯ ಮಾಡಬಹುದು. ಇಪ್ಪತ್ತು ತಂಡಗಳ ಲೀಗಿನಲ್ಲಿ ಉಳಿದಿರುವವರು ಬರೀ ತೌಡು. ಅಲ್ಲಿ ಕುಂಟುವ ತಾರೆಯೂ ಅವರಿಗಿಂತ ಮೇಲು. ಇನ್ನೊಂದು ಸಂಗತಿ: ಬೆಂಚಿಗೆ ಕೂರಿಸಿದವನನ್ನು ನಾಳೆ ಕರೆಯಬಹುದು, ಬಿಟ್ಟವನನ್ನು ಪಕ್ಕದ ಮ್ಯಾನೇಜರ್ ರಾತ್ರೋರಾತ್ರಿ ಎತ್ತಿಕೊಳ್ಳುತ್ತಾನೆ. ವ್ಯಾಪಾರಕ್ಕೆ ಇಟ್ಟರೆ ಹಳೆಯ ಹೆಸರಿಗೆ ಮನಸೋಲುವವನೊಬ್ಬ ಪ್ರತಿ ಲೀಗಿನಲ್ಲೂ ಇದ್ದೇ ಇರುತ್ತಾನೆ.

ಆದ್ದರಿಂದ ಈ ಪತ್ರದ ಮೂಲಕ ನಿಮ್ಮ ಲೀಗುಗಳ ಮುಂದೆ ಮೂರು ಬೇಡಿಕೆಗಳು. ಒಂದು, ಹರಾಜಿನಲ್ಲಿ ತಂಡದ ಮೊದಲ ಮೂರು ಬೆಲೆ ಪಡೆದ ಆಟಗಾರರನ್ನು ಕೈಬಿಡುವ ಅರ್ಜಿಗೆ ಎರಡು ದಿನದ ತಡೆ ಇರಲಿ. ಮ್ಯಾನೇಜರ್ ಅಷ್ಟರಲ್ಲಿ ಮನಸ್ಸು ಬದಲಿಸಿದರೆ ದಂಡವಿಲ್ಲದೆ ಹಿಂಪಡೆಯಲಿ. ಎರಡು, ಪ್ರತಿ ತಂಡಕ್ಕೂ ಗಾಯಾಳುಗಳ ಜಾಗದ ಜೊತೆಗೆ ಇನ್ನೊಂದು ಮೀಸಲು ಜಾಗ ಕೊಡಿ, ಬಿಡುವುದಕ್ಕೂ ಆಡಿಸುವುದಕ್ಕೂ ನಡುವೆ ಒಂದು ಮೆಟ್ಟಿಲಿರಲಿ. ಮೂರು, ದಾಳದ ಲೀಗುಗಳಲ್ಲಿ ಅಂಕಿ ಬರೆಯುವವರು ಬ್ಯಾಟರ್‌ನ ಹಿಟ್ ಎಷ್ಟೆಂದು ಬರೆಯುವುದರ ಜೊತೆಗೆ ಎಷ್ಟು ಸಲ ಅವನ ಸ್ವಂತ ಕಾರ್ಡು ನೋಡಲಾಯಿತು ಎಂಬುದನ್ನೂ ಒಂದು ಗೆರೆಯಲ್ಲಿ ಬರೆದಿಡಲಿ. ಸೀಸನ್ ನಡುವೆ ನಿಯಮ ಬದಲಿಸಿದರೆ ಜಗಳ ಖಂಡಿತ, ಹಾಗಾಗಿ ಮುಂದಿನ ಡ್ರಾಫ್ಟ್ ಸಭೆಯಲ್ಲಿ, ಮೊದಲ ಹೆಸರು ಕೂಗುವ ಮುಂಚೆ, ಈ ಮೂರನ್ನೂ ಮತಕ್ಕೆ ಹಾಕಿ.

ಇಂತಿ,
ನಿಮ್ಮ ಆಟವನ್ನು ಹತ್ತಿರದಿಂದ ನೋಡುವ ಒಬ್ಬ ಲೇಖಕ